ವರ್ಷಕ್ಕೆ ಎರಡೇ ಅಂಕಿ: ಒಂದು ಸಾಲದ ಚರಿತ್ರೆ

ಸಾಲ ತರುವಾಗಿನ ಸವಿಯನ್ನೂ ತೀರಿಸುವಾಗಿನ ಸಂಕಟವನ್ನೂ ಸರ್ವಜ್ಞ ಹೇಳಿಟ್ಟಿದ್ದಾನೆ. ಆ ಮಾತು ಕಂಪ್ಯೂಟರಿಗೂ ಅನ್ವಯಿಸುತ್ತದೆಂದರೆ ಕೆಲವರಿಗೆ ಆಶ್ಚರ್ಯವಾದೀತು. ನಮ್ಮ ಮನೆಗಳ ಅನೇಕ ಮಕ್ಕಳು ಇಂದು ಆ ವೃತ್ತಿಯಲ್ಲಿರುವುದರಿಂದ ಅದರ ಒಂದು ದೊಡ್ಡ ಸಾಲದ ಕಥೆಯನ್ನು ಇಲ್ಲಿ ನೋಡೋಣ.

1959ರಲ್ಲಿ ಐ.ಬಿ.ಎಂ. ಕಂಪನಿ 1401 ಎಂಬ ಯಂತ್ರವನ್ನು ಪ್ರಕಟಿಸಿತು. ಅದರ ಅತಿ ಚಿಕ್ಕ ಮಾದರಿಯ ಸ್ಮರಣೆಯಲ್ಲಿ ಹಿಡಿಯುತ್ತಿದ್ದುದು 1,400 ಅಕ್ಷರ. ಅತಿ ದೊಡ್ಡದರಲ್ಲಿ 16,000. ಮಾಹಿತಿಯನ್ನು ತೂತು ಕೊರೆದ ಕಾರ್ಡುಗಳ ಮೂಲಕ ಒದಗಿಸಬೇಕು. ಕಾರ್ಡಿಗೆ 80 ಕಾಲಂ. ಹೆಸರು, ಖಾತೆ ಸಂಖ್ಯೆ, ಮೊಬಲಗು, ತಾರೀಖು ಎಲ್ಲವೂ ಅಷ್ಟರಲ್ಲೇ ಅಡಗಬೇಕು. 1959 ಎನ್ನುವ ಬದಲು 59 ಎಂದರೆ ಪ್ರತಿ ತಾರೀಖಿಗೆ 2 ಕಾಲಂ ಉಳಿತಾಯ. 1 ಲಕ್ಷ ವಿಮಾ ಪಾಲಿಸಿಗಳಿದ್ದು, ಒಂದೊಂದರಲ್ಲಿ 3 ತಾರೀಖುಗಳಿದ್ದರೆ ಉಳಿದದ್ದು 6 ಲಕ್ಷ ಅಂಕಿ. ಇದನ್ನು ದಡ್ಡತನ ಎನ್ನುವಂತಿಲ್ಲ. ಕೈಬಿಗಿಯಿದ್ದ ಸಂಸಾರಸ್ಥ ಅನಿವಾರ್ಯವಾಗಿ ಮಾಡಿದ ಸಾಲವದು.

ತಪ್ಪಿದ್ದು ಆಮೇಲೆ. ಸ್ಮರಣೆಯ ಬೆಲೆ ಇಳಿಯುತ್ತ ಹೋದರೂ ಎರಡಂಕಿಯ ಪದ್ಧತಿ ಹೋಗಲಿಲ್ಲ. ಹಳೆಯ ಕಡತ ಓದಬೇಕಾದ ಹೊಸ ಪ್ರೋಗ್ರಾಂ ಕೂಡ ಎರಡಂಕಿಗೇ ಒಗ್ಗಿಕೊಂಡಿತು. ಬಡ್ಡಿಯ ಮೇಲೆ ಬಡ್ಡಿ ಬೆಳೆಯಿತು. ಬಾಬ್ ಬೀಮರ್ ಎಂಬ ತಜ್ಞರು 1971ರಲ್ಲೂ 1979ರಲ್ಲೂ ಲೇಖನ ಬರೆದು ಎಚ್ಚರಿಸಿದರು. ಕಿವಿಗೊಟ್ಟವರು ಕಡಿಮೆ.

ಇಂಥದ್ದಕ್ಕೆ ‘ಸಾಲ’ ಎಂಬ ಹೋಲಿಕೆ ಕೊಟ್ಟವರು ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್. ಹೂಡಿಕೆಗಳ ಲೆಕ್ಕವಿಡುವ ವೈಕ್ಯಾಷ್ ಎಂಬ ತಂತ್ರಾಂಶದ ಅನುಭವವನ್ನು ಅವರು 1992ರಲ್ಲಿ ವರದಿ ಮಾಡಿದರು. ಕೊಂಚ ಸಾಲ ಕೆಲಸವನ್ನು ಬೇಗ ಸಾಗಿಸುತ್ತದೆ. ಆದರೆ ತಿಳಿವಳಿಕೆ ಬಂದೊಡನೆ ತಿದ್ದಿ ಬರೆದು ತೀರಿಸದಿದ್ದರೆ, ಆ ಅರೆಕೊರೆಯ ಮೇಲೆ ಕಳೆದ ಪ್ರತಿ ಗಳಿಗೆಯೂ ಬಡ್ಡಿಯೇ ಎಂಬುದು ಅವರ ಮಾತಿನ ಸಾರ.

ಎರಡಂಕಿಯ ಸಾಲದ ಗಡುವು 2000ದ ಜನವರಿ 1. ಆ ದಿನ 00 ಎಂದರೆ 1900 ಎಂದೇ ಯಂತ್ರ ತಿಳಿದರೆ ಬಡ್ಡಿ, ಪಿಂಚಣಿ, ವಯಸ್ಸು ಎಲ್ಲ ಲೆಕ್ಕವೂ ತಲೆಕೆಳಗು. ಗಡುವಿಗೆ ಮೊದಲು ಮುಂಬೈ, ಚೆನ್ನೈ, ಬೆಂಗಳೂರುಗಳಲ್ಲಿ ಕುಳಿತ ನಮ್ಮ ತರುಣ ತರುಣಿಯರು, ಎಂದೋ ನಿವೃತ್ತರಾದವರು ಬರೆದ ಕೋಬಾಲ್ ಸಾಲುಗಳನ್ನು ಓದಿ ತಾರೀಖುಗಳನ್ನು ಹುಡುಕಿದರು. ಸಾಲ ಮಾಡಿದವರೊಬ್ಬರು, ತೀರಿಸಿದವರು ಇನ್ನೊಬ್ಬರು! ದಾರಿ ಮುಖ್ಯವಾಗಿ ಎರಡು: ವರ್ಷವನ್ನು ನಾಲ್ಕಂಕಿಗೆ ಹಿಗ್ಗಿಸುವುದು, ಇಲ್ಲವೇ, ಉದಾಹರಣೆಗೆ, 30ರ ಕೆಳಗಿನದೆಲ್ಲ 2000ದ ನಂತರದ್ದೆಂದು ಯಂತ್ರಕ್ಕೆ ಹೇಳುವುದು. ಮೊದಲನೆಯದು ಅಸಲಿನ ತೀರುವಳಿ. ಎರಡನೆಯದು ಸಾಲಪತ್ರದ ನವೀಕರಣ ಮಾತ್ರ. ಅಮೆರಿಕದ ವಾಣಿಜ್ಯ ಇಲಾಖೆ 1999ರಲ್ಲಿ ತನ್ನ ದೇಶವೊಂದರ ಖರ್ಚನ್ನೇ ಸುಮಾರು 10,000 ಕೋಟಿ ಡಾಲರ್ ಎಂದು ಅಂದಾಜು ಮಾಡಿತು. ದೊಡ್ಡ ಅನಾಹುತವಾಗದಿದ್ದಾಗ ‘ಎಲ್ಲ ಸುಳ್ಳು ಗುಲ್ಲು’ ಎಂದರು ಹಲವರು. ಒಡ್ಡು ಭದ್ರಪಡಿಸಿದ್ದರಿಂದ ಊರು ಉಳಿದರೆ, ಪ್ರವಾಹವೇ ಇರಲಿಲ್ಲವೆಂದಂತಾಯಿತು.

ಇಂಥ ಸಾಲದ ಗುರುತೇನು? ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಕೆಡುವುದು, ಒಂದೇ ನಿಯಮ ಹತ್ತು ಕಡೆ ಬರೆದಿರುವುದು, ಹೊಸಬರಿಗೆ ‘ಅದನ್ನು ಮುಟ್ಟಬೇಡಿ’ ಎನ್ನುವುದು. ನಿಭಾಯಿಸುವ ಬಗೆಯೂ ಮನೆವಾರ್ತೆಯದೇ: ಸಾಲವನ್ನು ಪುಸ್ತಕದಲ್ಲಿ ಬರೆದಿಡಬೇಕು, ಯಾವಾಗ ತೀರಿಸುವುದೆಂದು ಗೊತ್ತುಮಾಡಬೇಕು, ಪ್ರತಿ ಹೊಸ ಕೆಲಸದೊಡನೆ ಹಳೆಯದಕ್ಕೂ ಒಂದಿಷ್ಟು ಸಲ್ಲಿಸಬೇಕು. ಸಾಲ ಮಾಡಿದ್ದಕ್ಕಿಂತ, ಮಾಡಿದ್ದನ್ನು ಬರೆದಿಡದೆ ಮರೆತದ್ದೇ ಮನೆ ಮುಳುಗಿಸುವುದು.

ಇನ್ನೊಂದು ಗಡುವು ಮುಂದಿದೆ. 1970ರಿಂದ ಸೆಕೆಂಡುಗಳನ್ನು 32 ಬಿಟ್‌ಗಳಲ್ಲಿ ಎಣಿಸುವ ಯಂತ್ರಗಳ ಎಣಿಕೆ 2038ರ ಜನವರಿ 19ಕ್ಕೆ ತುಂಬುತ್ತದೆ. ಈ ಸಾಲ ನಿಮ್ಮ ಪುಸ್ತಕದಲ್ಲಿದೆಯೇ ಎಂದು ಮನೆಯ ಮಕ್ಕಳನ್ನು ಈಗಲೇ ಕೇಳಿಡೋಣ.