ಸೀರೆಯುಟ್ಟ ಮರಿಯಮ್ಮ: ಎರಡು ಮಹಾಯುದ್ಧಗಳ ನಡುವಣ ಗೋವೆಯ ಚಿತ್ರಕಲೆ

ನಮ್ಮ ಶಾಲೆ ನೂರು ವರ್ಷಗಳನ್ನು ಪೂರೈಸಿದ ಈ ಸಂಭ್ರಮದಲ್ಲಿ, ಅದು ಹುಟ್ಟಿದ ಕಾಲ ಎಂಥದೆಂದು ಒಮ್ಮೆ ಹಿಂದಿರುಗಿ ನೋಡುವುದು ಉಚಿತವೆಂದು ಭಾವಿಸುತ್ತೇವೆ. ಒಂದು ಮಹಾಯುದ್ಧ ಮುಗಿದು ಇನ್ನೊಂದು ಇನ್ನೂ ಆರಂಭವಾಗದಿದ್ದ ಕಾಲವದು. ಈ ಶಾಲೆಯಲ್ಲಿ ಅಕ್ಷರ ಕಲಿತು, ಉದ್ಯೋಗನಿಮಿತ್ತವಾಗಿ ಘಟ್ಟವಿಳಿದು ಗೋವೆಯಲ್ಲಿ ನೆಲೆಸಿದ ನಾವು ಕೆಲವರು, ಅದೇ ವರ್ಷಗಳಲ್ಲಿ ಈ ನೆರೆನಾಡಿನಲ್ಲಿ ನಡೆದ ಒಂದು ಕಲಾಪ್ರಸಂಗವನ್ನು ಇಲ್ಲಿ ನಿರೂಪಿಸಲು ಬಯಸುತ್ತೇವೆ. ಮೇಲ್ನೋಟಕ್ಕೆ ಅದು ಚಿತ್ರಕಲೆಯ ಕಥೆ. ಆದರೆ ಕನ್ನಡ ಮಾಧ್ಯಮದ ಶಾಲೆಯೊಂದಕ್ಕೂ ಅದಕ್ಕೂ ಹತ್ತಿರದ ನಂಟಿದೆ.

1914ರಿಂದ 1918ರವರೆಗೆ ನಡೆದ ಯುದ್ಧ ಯೂರೋಪಿನ ಆತ್ಮವಿಶ್ವಾಸವನ್ನೇ ಅಲುಗಾಡಿಸಿತು. ವಿಜ್ಞಾನ, ನಾಗರಿಕತೆ, ಪ್ರಗತಿ ಎಂದು ಹೆಮ್ಮೆಪಟ್ಟ ರಾಷ್ಟ್ರಗಳೇ ಕಂದಕಗಳಲ್ಲಿ ತಮ್ಮ ಮಕ್ಕಳನ್ನು ಬಲಿಕೊಟ್ಟಾಗ, ಹಳೆಯ ಸೌಂದರ್ಯದ ಮಾತು ಕಲಾವಿದರಿಗೆ ಪೊಳ್ಳೆನಿಸಿತು. ಜರ್ಮನಿಯ ವೈಮಾರ್ ನಗರದಲ್ಲಿ 1919ರಲ್ಲಿ ಬೌಹೌಸ್ ಎಂಬ ಹೊಸ ಕಲಾಶಾಲೆ ತೆರೆಯಿತು. ಮೆಕ್ಸಿಕೋದಲ್ಲಿ ಚಿತ್ರಕಾರರು ಸರಕಾರಿ ಕಟ್ಟಡಗಳ ಗೋಡೆಗಳ ಮೇಲೆ ರೈತರನ್ನೂ ಕಾರ್ಮಿಕರನ್ನೂ ಬರೆದರು. ನಮ್ಮ ದೇಶದಲ್ಲಿ ಅದೇ 1919 ಜಲಿಯನ್‌ವಾಲಾಬಾಗಿನ ಹತ್ಯಾಕಾಂಡದ ವರ್ಷ. ಶಾಂತಿನಿಕೇತನದಲ್ಲಿ ಕಲಾಭವನ ಆರಂಭವಾದ ವರ್ಷವೂ ಹೌದು. 1922ರ ಡಿಸೆಂಬರಿನಲ್ಲಿ ಬೌಹೌಸಿನ ಕಲಾವಿದರ ಕೃತಿಗಳು ಕಲ್ಕತ್ತೆಗೆ ಬಂದು, ಅವನೀಂದ್ರನಾಥ ಠಾಕೂರರ ಬಳಗದ ಚಿತ್ರಗಳ ಜೊತೆಯಲ್ಲಿ ಪ್ರದರ್ಶಿತವಾದವು. ಪರದೇಶದ ಹೊಸತನ್ನು ಕಂಡ ಭಾರತೀಯರು ತಮ್ಮನ್ನು ತಾವು ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಯಿತು: ನಾವು ಯಾರ ರೇಖೆಯಲ್ಲಿ ಬರೆಯಬೇಕು?

ಆಗ ಇದಕ್ಕೆ ಎರಡು ದಾರಿಗಳಿದ್ದವು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ತೈಲವರ್ಣ, ನೆರಳುಬೆಳಕು, ಕಂಡದ್ದನ್ನು ಕಂಡಂತೆ ಬರೆಯುವ ಯೂರೋಪಿನ ಶಿಸ್ತು ಪ್ರಧಾನವಾಗಿತ್ತು. ಬಂಗಾಳದಲ್ಲಿ ಅಜಂತೆಯ ಭಿತ್ತಿಚಿತ್ರ, ಮೊಗಲ್ ಕಿರುಚಿತ್ರ, ಜಪಾನಿನ ಜಲವರ್ಣಗಳಿಂದ ಕಲಿತ ದೇಶೀಯ ಮಾರ್ಗ ರೂಪುಗೊಂಡಿತ್ತು. ಕನ್ನಡಿಗರು ಎರಡೂ ದಾರಿಯಲ್ಲಿ ನಡೆದಿದ್ದಾರೆ. ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥರ ಶಿಷ್ಯರಾದರು. ಉಡುಪಿಯ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮುಂಬಯಿಯಲ್ಲಿ ಕಲಿತರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಭಾಗದ ಶಾಲೆಗಳಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳಿಗೆ ಕುಳಿತ ಹಿರಿಯರು, ಹೂಜಿಯ ನೆರಳನ್ನು ಪೆನ್ಸಿಲಿನಲ್ಲಿ ತಿದ್ದಿ ತಿದ್ದಿ ಆ ಮೊದಲನೆಯ ಶಿಸ್ತಿನ ರುಚಿಯನ್ನು ಕಂಡವರೇ.

ಗೋವೆಯ ಪರಿಸ್ಥಿತಿ ಇನ್ನೂ ಜಟಿಲವಾಗಿತ್ತು. ಒಂದು ಕಾಲಕ್ಕೆ ಕದಂಬರೂ ವಿಜಯನಗರದ ಅರಸರೂ ಆಳಿದ ಈ ನಾಡು 1510ರಲ್ಲಿ ಪೋರ್ಚುಗೀಸರ ವಶವಾಯಿತು. ಜನರ ಆಡುನುಡಿಯಾದ ಕೊಂಕಣಿಯನ್ನು ಬಿಟ್ಟು ಮೂರು ವರ್ಷಗಳೊಳಗೆ ಪೋರ್ಚುಗೀಸನ್ನು ಬಳಸಬೇಕೆಂಬ ಆಜ್ಞೆ 1684ರಲ್ಲಿ ಹೊರಟಿತ್ತು. ನುಡಿ ಉಳಿಯಿತು; ಆದರೆ ವಿದ್ಯಾವಂತರ ಮನೆಗಳಲ್ಲಿ ಗೌರವದ ಸ್ಥಾನ ಪರಭಾಷೆಗೆ ಹೋಯಿತು. 1910ರಲ್ಲಿ ಪೋರ್ಚುಗಲ್ ಗಣರಾಜ್ಯವಾದಾಗ ಗೋವೆಯ ಹಿಂದೂಗಳಿಗೂ ಸಮಾನ ನಾಗರಿಕ ಹಕ್ಕುಗಳ ಬಾಗಿಲು ತೆರೆಯಿತು, ಪತ್ರಿಕೆಗಳು ಉಸಿರಾಡಿದವು. ಆ ಬೆಳಕು ಬಹುಕಾಲ ನಿಲ್ಲಲಿಲ್ಲ. 1926ರಲ್ಲಿ ಲಿಸ್ಬನ್ನಿನಲ್ಲಿ ಸೈನ್ಯವು ಅಧಿಕಾರ ಹಿಡಿಯಿತು. 1930ರಲ್ಲಿ ಸಾಲಾಝಾರ್ ತಂದ ವಸಾಹತು ಕಾಯಿದೆ, ಪರನಾಡುಗಳನ್ನು ಆಳಿ ನಾಗರಿಕಗೊಳಿಸುವುದು ಪೋರ್ಚುಗೀಸ್ ರಾಷ್ಟ್ರದ ಧರ್ಮವೆಂದೇ ಸಾರಿತು. ಇದರ ನಡುವೆ, 1928ರಲ್ಲಿ, ತ್ರಿಸ್ತಾವ್ ಬ್ರಗಾನ್ಸ ಕುನ್ಹಾ ಅವರು ಗೋವಾ ಕಾಂಗ್ರೆಸ್ ಸಮಿತಿಯನ್ನು ಸ್ಥಾಪಿಸಿದರು. ಗೋವೆಯವರು ತಮ್ಮತನವನ್ನು ಕಳೆದುಕೊಂಡಿದ್ದಾರೆಂಬುದೇ ಅವರ ಜೀವನದುದ್ದದ ಕೊರಗಾಗಿತ್ತು.

ಚಿತ್ರಕಲೆ ಕಲಿಯಬೇಕೆನ್ನುವ ತರುಣನಿಗೆ ಅಂದಿನ ಗೋವೆಯಲ್ಲಿ ಕಲಾ ಮಹಾವಿದ್ಯಾಲಯವಿರಲಿಲ್ಲ. ಅದು ಬಂದದ್ದು 1972ರಲ್ಲಿ. ಹಾಗಾಗಿ ಎಲ್ಲರೂ ಮುಂಬಯಿಯ ಹಾದಿ ಹಿಡಿಯುತ್ತಿದ್ದರು. ಸಾಂಗೆಯಲ್ಲಿ 1870ರಲ್ಲಿ ಜನಿಸಿದ ಆಂತೋನಿಯೊ ಝೇವಿಯರ್ ತ್ರಿಂದಾದ್ ಹಾಗೆ ಹೋಗಿ, ಜೆ.ಜೆ. ಕಲಾಶಾಲೆಯಲ್ಲಿಯೇ ಅಧ್ಯಾಪಕರಾಗಿ, ಭಾವಚಿತ್ರಗಳಿಂದ ‘ಪೂರ್ವದ ರೆಂಬ್ರಾಂಟ್’ ಎಂಬ ಹೆಸರು ಗಳಿಸಿದರು. ಆ ಬಿರುದಿನಲ್ಲಿ ಮೆಚ್ಚುಗೆಯಿದೆ, ಅದರ ಜೊತೆಗೆ ಕಾಲದ ಅಳತೆಗೋಲೂ ಇದೆ: ನಮ್ಮವನು ದೊಡ್ಡವನೆನ್ನಲು ಡಚ್ ಕಲಾವಿದನ ಹೆಸರು ಬೇಕಾಗಿತ್ತು.

ಈ ಅಳತೆಗೋಲನ್ನು ಕೈಬಿಟ್ಟವರು ಆಂಜೆಲೊ ದ ಫೊನ್ಸೆಕಾ. ಮಾಂಡವಿಯ ಹಿನ್ನೀರಿನ ಸಾಂತ್ ಎಸ್ತೆವ್ ದ್ವೀಪದಲ್ಲಿ 1902ರಲ್ಲಿ, ಅನುಕೂಲಸ್ಥ ಕ್ಯಾಥೊಲಿಕ್ ಮನೆತನದಲ್ಲಿ ಅವರು ಹುಟ್ಟಿದರು. ಶಾಲಾ ವ್ಯಾಸಂಗ ಬೆಳಗಾವಿ ಮತ್ತು ಪುಣೆಗಳಲ್ಲಿ ನಡೆಯಿತು. ವೈದ್ಯನಾಗಲು ಹೊರಟವರು ಅದನ್ನು ಬಿಟ್ಟು ಕಲೆಗೆ ಬಂದರು. ಮುಂಬಯಿಯ ಕಲಾಶಿಕ್ಷಣವೂ ಒಗ್ಗದೆ ಬಂಗಾಳಕ್ಕೆ ಹೋದರು. ಅಲ್ಲಿ ಅವನೀಂದ್ರನಾಥ ಠಾಕೂರ್ ಮತ್ತು ನಂದಲಾಲ ಬೋಸರ ಬಳಿ ಕಲಿತು, ಮೂವತ್ತರ ದಶಕದ ಆರಂಭದಲ್ಲಿ ಊರಿಗೆ ಮರಳಿದರು. ಮರಳಿ ಬರೆದದ್ದು ಬಾಲ್ಯದಿಂದ ಪೂಜಿಸಿದ ಮಾತೆ ಮರಿಯಮ್ಮನನ್ನೇ. ಆದರೆ ಅವರ ಮರಿಯಮ್ಮ ಸೀರೆ ಉಟ್ಟಿದ್ದಳು. ಅವಳ ಮೈಬಣ್ಣ ನಮ್ಮ ತಾಯಂದಿರ ಮೈಬಣ್ಣ. ಅವಳು ಕುಳಿತ ಬಗೆ, ಮಗುವನ್ನು ಎತ್ತಿಕೊಂಡ ಬಗೆ, ಎಲ್ಲವೂ ಈ ನೆಲದ್ದು.

ಊರು ಒಪ್ಪಲಿಲ್ಲ. ಗೋವೆಯ ಅನೇಕ ಕ್ರೈಸ್ತರಿಗೆ ಇದು ಪವಿತ್ರವಾದುದಕ್ಕೆ ಮಾಡಿದ ಅಪಚಾರವೆನಿಸಿತು. ಅವರನ್ನು ಇಂದು ಹಗುರವಾಗಿ ಹಳಿಯುವುದು ನ್ಯಾಯವಲ್ಲ. ತಲೆಮಾರುಗಳಿಂದ ಚರ್ಚಿನಲ್ಲಿ ಕಂಡ ಬಿಳಿಯ ಮುಖ, ನೀಲಿ ಮೇಲುಹೊದಿಕೆಗಳೇ ಅವರಿಗೆ ದೈವದ ಗುರುತಾಗಿದ್ದವು; ಆ ಮುಖದ ಮುಂದೆಯೇ ಅವರು ತಮ್ಮ ದುಃಖಗಳನ್ನು ಹೇಳಿಕೊಂಡಿದ್ದರು. ದೇಶೀ ಉಡುಪನ್ನು ತೊರೆಯುವುದೇ ಹೊಸ ಧರ್ಮದ ಗುರುತೆಂದು ಅವರ ಪೂರ್ವಜರಿಗೆ ಕಲಿಸಲಾಗಿತ್ತು. ಅಂಥವರ ಮುಂದೆ ಸೀರೆಯುಟ್ಟ ಮರಿಯಮ್ಮ ನಿಂತಾಗ ಅಲುಗಿದ್ದು ಚಿತ್ರದ ಚೌಕಟ್ಟು ಮಾತ್ರವಲ್ಲ. ದೇವರು ನಮ್ಮ ಉಡುಪಿನಲ್ಲಿ ಬರಬಲ್ಲನಾದರೆ, ನಮ್ಮನ್ನು ನಾಗರಿಕಗೊಳಿಸಲು ಲಿಸ್ಬನ್ ಏಕೆ ಬೇಕು? ಫೊನ್ಸೆಕಾ ಭಾಷಣ ಮಾಡಲಿಲ್ಲ, ಪಕ್ಷ ಕಟ್ಟಲಿಲ್ಲ. ಆದರೂ ವಸಾಹತು ಕಾಯಿದೆಯ ವರ್ಷಗಳಲ್ಲಿ ಅವರ ಜಲವರ್ಣಗಳು ಆ ಪ್ರಶ್ನೆಯನ್ನು ಮೌನವಾಗಿ ಕೇಳುತ್ತಿದ್ದವು.

ಅವರು ಗೋವೆಯನ್ನು ಬಿಟ್ಟರು. ಪುಣೆಯಲ್ಲಿ ಜ್ಯಾಕ್ ವಿನ್ಸ್‌ಲೋ ಎಂಬ ಆಂಗ್ಲಿಕನ್ ಪಾದ್ರಿಗಳು ಸ್ಥಾಪಿಸಿದ್ದ ಕ್ರಿಸ್ತ ಪ್ರೇಮ ಸೇವಾ ಆಶ್ರಮ ಅವರಿಗೆ ಆಸರೆಯಾಯಿತು. ಕ್ಯಾಥೊಲಿಕ್ ಚಿತ್ರಕಾರನಿಗೆ ಬೇರೊಂದು ಪಂಥದವರ ಆಶ್ರಮ ನೆಲೆ ಕೊಟ್ಟಿತೆಂಬುದು ಆ ಕಾಲದ ಔದಾರ್ಯಕ್ಕೆ ಸಾಕ್ಷಿ. ಅಲ್ಲಿಯೇ ದಶಕಗಳ ಕಾಲ ಅವರು ಬರೆಯುತ್ತಲೇ ಹೋದರು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಗಳಲ್ಲಿ ಲ್ಯಾಟಿನ್ನಿನ ಜೊತೆಗೆ ಜನರ ನುಡಿಗಳಿಗೂ ಸ್ಥಳ ಕೊಟ್ಟಿತು, ಆಯಾ ನಾಡಿನ ಕಲೆಯನ್ನೂ ಸಂಪ್ರದಾಯವನ್ನೂ ಗೌರವಿಸಿತು. ಮೂವತ್ತು ವರ್ಷಗಳ ಹಿಂದೆ ಒಬ್ಬಂಟಿಯಾಗಿ ಫೊನ್ಸೆಕಾ ಹಿಡಿದ ದಾರಿ ಈಗ ರಾಜಮಾರ್ಗವಾಗತೊಡಗಿತು. ಅದನ್ನು ಬಹುಕಾಲ ಕಾಣಲು ಅವರಿಗೆ ಆಯುಷ್ಯವಿರಲಿಲ್ಲ, 1967ರಲ್ಲಿ ನಿಧನರಾದರು. ಅವರ ಪತ್ನಿ ಕೊಡುಗೆಯಾಗಿತ್ತ ಚಿತ್ರಗಳು ಇಂದು ಪರ್ವರಿಯ ಝೇವಿಯರ್ ಇತಿಹಾಸ ಸಂಶೋಧನ ಕೇಂದ್ರದಲ್ಲಿವೆ. ಊರು ಬಿಟ್ಟು ಹೋದ ಮರಿಯಮ್ಮ ಕೊನೆಗೂ ತವರಿಗೆ ಬಂದಳು.

ದೇಶೀಯ ಮಾರ್ಗವೇ ಕೊನೆಯ ಮಾತೆಂದು ನಾವು ಹೇಳುತ್ತಿಲ್ಲ. ತ್ರಿಂದಾದರ ಮಗಳು ಆಂಜೆಲಾ ತ್ರಿಂದಾದ್ ತಂದೆಯಿಂದ ತೈಲವರ್ಣವನ್ನು ಕಲಿತೂ ಭಾರತೀಯ ರೂಪದಲ್ಲಿ ಕ್ರೈಸ್ತ ಚಿತ್ರಗಳನ್ನು ಬರೆದರು. ಸಾಲಿಗಾಂವ್‌ನಲ್ಲಿ 1924ರಲ್ಲಿ ಹುಟ್ಟಿದ ಫ್ರಾನ್ಸಿಸ್ ನ್ಯೂಟನ್ ಸೋಜಾ, ಬಂಗಾಳದ ಮೃದುರೇಖೆಯನ್ನೂ ಮುಂಬಯಿಯ ಪಾಠವನ್ನೂ ಒಟ್ಟಿಗೇ ತಿರಸ್ಕರಿಸಿ, 1947ರಲ್ಲಿ ರಝಾ, ಹುಸೇನ್ ಮೊದಲಾದವರೊಡನೆ ಪ್ರಗತಿಶೀಲ ಕಲಾವಿದರ ಗುಂಪನ್ನು ಕಟ್ಟಿದರು. ಅವರ ಕ್ರಿಸ್ತನ ಮುಖದಲ್ಲಿ ಶಾಂತಿಯಿಲ್ಲ, ಯಾತನೆಯಿದೆ. ಹಿರಿಯರು ಗಳಿಸಿಕೊಟ್ಟ ಸ್ವಾತಂತ್ರ್ಯವನ್ನು ಕಿರಿಯರು ಹಿರಿಯರನ್ನೇ ಪ್ರಶ್ನಿಸಲು ಬಳಸಿದರು. ಜೀವಂತ ಪರಂಪರೆಯ ಲಕ್ಷಣವೇ ಅದು.

ಈ ಕಥೆಯನ್ನು ಶಾಲೆಯ ಸ್ಮರಣ ಸಂಪುಟದಲ್ಲಿ ಏಕೆ ಹೇಳಬೇಕಾಯಿತು? ಅದೇ ವರ್ಷಗಳಲ್ಲಿ ನಮ್ಮ ಹಿರಿಯರು ಊರ ಮಕ್ಕಳಿಗೆ ಭೂಗೋಳ, ಗಣಿತ, ವಿಜ್ಞಾನಗಳನ್ನು ಕನ್ನಡದಲ್ಲಿಯೇ ಕಲಿಸಲು ಮುಂದಾದರು. ಹಿರಿದಾದ ವಿಷಯಗಳು ಹಿರಿಯರ ಭಾಷೆಯಲ್ಲಿಯೇ ಬರಬೇಕೆಂದು ನಂಬಿದ್ದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂದು ಜೂನ್ ತಿಂಗಳಲ್ಲಿ ಚಿಂತಿಸುವ ತಂದೆತಾಯಿಗಳ ಆತಂಕ ನಮಗೆ ಅರ್ಥವಾಗುತ್ತದೆ. ಪರನಾಡಿನಲ್ಲಿ ದುಡಿಯುವ ನಮ್ಮಲ್ಲಿಯೂ ಹಲವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೇ ಕಳಿಸಿದ್ದೇವೆಂಬುದನ್ನು ಇಲ್ಲಿ ಮರೆಮಾಚಲಾರೆವು. ಆದರೆ ಗುರುತ್ವಾಕರ್ಷಣವೆಂದರೇನೆಂದು ನಮಗೆ ಮೊದಲು ತಿಳಿದದ್ದು ಕನ್ನಡದಲ್ಲಿ, ಈ ಶಾಲೆಯ ಹೆಂಚಿನ ಮಾಡಿನ ಕೆಳಗೆ. ಅನಂತರ ಯಾವ ಭಾಷೆಯಲ್ಲಿ ಓದಿದರೂ ಆ ತಿಳಿವಳಿಕೆ ಅಲ್ಲಾಡಲಿಲ್ಲ.

ಸೀರೆ ಉಟ್ಟದ್ದರಿಂದ ಮರಿಯಮ್ಮನ ಮಹಿಮೆ ಕುಂದಲಿಲ್ಲ. ಕನ್ನಡದಲ್ಲಿ ಕಲಿತದ್ದರಿಂದ ನ್ಯೂಟನ್ನನೂ ಚಿಕ್ಕವನಾಗಲಿಲ್ಲ. ಇದನ್ನು ನಂಬಿ ನೂರು ವರ್ಷ ನಿಂತ ಶಾಲೆಗೆ, ಅದರ ಗುರುಗಳಿಗೆ, ನಮ್ಮ ನಮಸ್ಕಾರಗಳು.