ಅಮೆರಿಕದ ಅಂತಃಕಲಹವೂ ಲಂಡನ್ನಿನ ವೃತ್ತಪತ್ರಿಕೆಗಳೂ

ಪರದೇಶದ ರಾಜಕಾರಣವನ್ನು ವೃತ್ತಪತ್ರಿಕೆಗಳು ತಪ್ಪಾಗಿ ಗ್ರಹಿಸುವುದಕ್ಕೆ ದೂರವೇ ಕಾರಣವೆಂದು ಹೇಳುವುದುಂಟು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತಃಕಲಹವನ್ನು ಲಂಡನ್ನಿನ ಪತ್ರಿಕೆಗಳು ಕಂಡ ಬಗೆಯನ್ನು ಪರಿಶೀಲಿಸಿದರೆ ಈ ಮತವು ಪೂರ್ಣವಾಗಿ ನಿಲ್ಲಲಾರದು.

ದೂರದ ತೊಡಕು ಇದ್ದುದು ನಿಜ. 1858ರಲ್ಲಿ ಅಟ್ಲಾಂಟಿಕ್ ಸಾಗರದಡಿ ಹಾಕಿದ ತಂತಿಯು ಕೆಲವೇ ವಾರಗಳಲ್ಲಿ ಕೆಟ್ಟಿತು. ಬಾಳುವಂತಹ ತಂತಿ ಬಂದುದು 1866ರಲ್ಲಿ. ಯುದ್ಧದ ಸುದ್ದಿಯೆಲ್ಲವೂ ಹಡಗಿನ ಮೂಲಕವೇ ಹಲವು ದಿನ ತಡವಾಗಿ ಬರುತ್ತಿತ್ತು. ಆದರೆ ಸುದ್ದಿಗೆ ಕೊರತೆಯಿರಲಿಲ್ಲ. ‘ಟೈಮ್ಸ್’ ಪತ್ರಿಕೆಯು ವಿಲಿಯಂ ಹೋವರ್ಡ್ ರಸ್ಸೆಲ್ ಎಂಬ ಪ್ರಸಿದ್ಧ ಬಾತ್ಮೀದಾರನನ್ನೇ ಕಳುಹಿಸಿತ್ತು. 1861ರ ಜುಲೈ 21ರಂದು ಬುಲ್ ರನ್ ಎಂಬಲ್ಲಿ ಉತ್ತರದ ಸೈನ್ಯವು ಚೆದರಿ ಓಡಿದುದನ್ನು ಆತನು ಕಂಡಂತೆ ಬರೆದು ಉತ್ತರದವರ ಕೋಪಕ್ಕೆ ಪಾತ್ರನಾದನು. ಮರುವರ್ಷ ಸೈನ್ಯದೊಡನೆ ಹೋಗಲು ಅನುಮತಿ ದೊರೆಯದೆ ಸ್ವದೇಶಕ್ಕೆ ಹಿಂದಿರುಗಿದನು. ಆತನ ತರುವಾಯ ನ್ಯೂಯಾರ್ಕಿನಿಂದ ಬರೆದ ಚಾರ್ಲ್ಸ್ ಮ್ಯಾಕೆ ದಕ್ಷಿಣದ ಪಕ್ಷಪಾತಿಯಾಗಿದ್ದನು.

ತಪ್ಪು ಹೆಚ್ಚಾಗಿ ಕಂಡುಬರುವುದು ಕಾರಣವಿಚಾರದಲ್ಲಿ. ಕಲಹಕ್ಕೆ ಮೂಲ ಗುಲಾಮಗಿರಿಯಲ್ಲ, ಉತ್ತರದವರ ಆಮದು ಸುಂಕವೆಂದು ಹಲವು ಪತ್ರಿಕೆಗಳು ವಾದಿಸಿದವು. ಕಾಲಾನುಕ್ರಮವು ಇದಕ್ಕೆ ವಿರುದ್ಧವಾಗಿದೆ. ದಕ್ಷಿಣ ಕೆರೋಲಿನಾ ಒಕ್ಕೂಟವನ್ನು ಬಿಟ್ಟುದು 1860ರ ಡಿಸೆಂಬರ್ 20ರಂದು. ಮಾರಿಲ್ ಸುಂಕವು ಶಾಸನವಾದುದು 1861ರ ಮಾರ್ಚ್ 2ರಂದು. ಅಷ್ಟರೊಳಗೆ 7 ಸಂಸ್ಥಾನಗಳು ಬೇರ್ಪಡಲು ನಿರ್ಣಯಿಸಿದ್ದವು. ಅಮೆರಿಕವನ್ನು ಎಂದೂ ಕಾಣದೆ ಲಂಡನ್ನಿನಲ್ಲಿಯೇ ಇದ್ದ ಕಾರ್ಲ್ ಮಾರ್ಕ್ಸ್, 1861ರ ಅಕ್ಟೋಬರಿನಲ್ಲಿ ವಿಯೆನ್ನಾದ ‘ಡೀ ಪ್ರೆಸ್ಸೆ’ ಪತ್ರಿಕೆಯಲ್ಲಿ ಈ ಅಂಶವನ್ನೇ ಎತ್ತಿ ತೋರಿಸಿದನು. ಲಂಡನ್ನಿನದೇ ಆದ ‘ಡೈಲಿ ನ್ಯೂಸ್’ ಕೂಡ ಉತ್ತರದ ಪಕ್ಷವನ್ನು ಸಮರ್ಥಿಸಿತು. ಹೀಗೆ ಒಂದೇ ನಗರದಲ್ಲಿ, ಅವೇ ಹಡಗುಗಳು ತಂದ ಸುದ್ದಿಯಿಂದ, ಎರಡು ಬಗೆಯ ತೀರ್ಮಾನಗಳು ಹುಟ್ಟಿದವು.

ಈ ಭೇದಕ್ಕೆ ಕಾರಣವನ್ನು ಇಂಗ್ಲೆಂಡಿನಲ್ಲಿಯೇ ಹುಡುಕಬೇಕು. ಮತಾಧಿಕಾರದ ವಿಸ್ತಾರಕ್ಕೆ ಅಂಜಿದ್ದ ಮೇಲ್ವರ್ಗದ ಹಲವರಿಗೆ ಪ್ರಜಾಪ್ರಭುತ್ವದ ಒಡಕು ಅಪ್ರಿಯವಾಗಿರಲಿಲ್ಲ. ದಕ್ಷಿಣದ ನಾಯಕರು ಒಂದು ರಾಷ್ಟ್ರವನ್ನೇ ನಿರ್ಮಿಸಿದ್ದಾರೆಂದು ಮಂತ್ರಿ ಗ್ಲಾಡ್‌ಸ್ಟನ್ 1862ರ ಅಕ್ಟೋಬರ್ 7ರಂದು ಸಾರಿದನು. ಅದು ತಪ್ಪೆಂದು ಮುಂದೆ ತಾನೇ ಒಪ್ಪಿಕೊಂಡನು. ಅದೇ ವರ್ಷದ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಕೆಲಸಗಾರರು, ಅರಳೆ ಬಾರದೆ ಗಿರಣಿಗಳು ನಿಂತಿದ್ದರೂ, ಸಭೆ ಸೇರಿ ಗುಲಾಮಗಿರಿಯ ನಿರ್ಮೂಲನವನ್ನು ಬಯಸಿ ಅಧ್ಯಕ್ಷ ಲಿಂಕನ್ನನಿಗೆ ಬಿನ್ನವತ್ತಳೆಯನ್ನು ಕಳುಹಿಸಿದರು. ಲ್ಯಾಂಕಷೈರಿನವರೆಲ್ಲರೂ ಈ ಮತದವರಾಗಿರಲಿಲ್ಲ. ಆದರೂ ಹಸಿದವರ ಈ ಸಭೆಯು ಪ್ರಬಲ ಪತ್ರಿಕೆಗಳಿಗಿಂತ ಕಲಹದ ಮೂಲವನ್ನು ಸ್ಪಷ್ಟವಾಗಿ ಕಂಡಿತ್ತು.

ಆದುದರಿಂದ ಅಂದಿನ ಲಂಡನ್ ಪತ್ರಿಕೆಗಳನ್ನು ಅಮೆರಿಕದ ಇತಿಹಾಸಕ್ಕೆ ಆಧಾರವಾಗಿ ಬಳಸುವವರು, ಅವು ಇಂಗ್ಲೆಂಡಿನ ಆಂತರಿಕ ವಿವಾದಕ್ಕೂ ಸಾಕ್ಷಿಗಳೆಂಬುದನ್ನು ಮರೆಯಲಾಗದು.