ಪಠ್ಯೇತರ ಸಾಧನೆ ಅಂದ್ರೆ ಯಾರ ಸಾಧನೆ?

ಪೋಸ್ಟ್ ಸ್ವಲ್ಪ ಉದ್ದ ಇದೆ. ಮನೇಲಿ ಓದೋ ಮಕ್ಕಳು ಇದ್ದವರು ದಯವಿಟ್ಟು ಪೂರ್ತಿ ಓದಿ.

ಕಳೆದ ಭಾನುವಾರ ನಮ್ಮ ಅಣ್ಣನ ಮಗಳು ಯಾರದೋ ಲ್ಯಾಪ್‌ಟಾಪ್ ಹಿಡ್ಕೊಂಡು ಮನೆಗೆ ಬಂದಿದ್ದಳು. ಪಿಯುಸಿಯಲ್ಲಿ ಒಳ್ಳೇ ಮಾರ್ಕ್ಸ್ ತೆಗೆದ ಹುಡುಗಿ. ಅಮೆರಿಕದ ಕೆಲವು ಯೂನಿವರ್ಸಿಟಿಗಳು ಬಡವರ ಮಕ್ಕಳಿಗೆ ಪೂರ್ತಿ ಖರ್ಚು ಕೊಡ್ತವೆ, ಅರ್ಜಿ ಹಾಕಿ ನೋಡು ಅಂತ ಅವಳ ಲೆಕ್ಚರರ್ ಒಬ್ಬರು ಹೇಳಿದ್ದಾರೆ. ಅಲ್ಲಿನ ನೂರಾರು ಕಾಲೇಜುಗಳಿಗೆ ಒಂದೇ ಅರ್ಜಿ, ಕಾಮನ್ ಅಪ್ಲಿಕೇಶನ್ ಅಂತ. ಮಾರ್ಕ್ಸು, ವಿಳಾಸ ಎಲ್ಲ ತುಂಬಿದ್ದಳು. ಒಂದು ಪುಟದಲ್ಲಿ ಮಾತ್ರ ನಿಂತುಬಿಟ್ಟಿದ್ದಳು. ಪಾಠದ ಹೊರಗೆ ಏನೇನು ಮಾಡಿದ್ದೀರಿ ಅಂತ ಕೇಳೋ ಪುಟ ಅದು. ಹತ್ತು ಕಾಲಂ ಇದೆ, ಒಂದೊಂದರ ವಿವರಣೆಗೆ 150 ಅಕ್ಷರ.

"ಚಿಕ್ಕಪ್ಪ, ನಾನು ಏನೂ ಮಾಡಿಲ್ಲ. ಹತ್ತೂ ಖಾಲಿ ಬಿಡಬೇಕು" ಅಂದಳು.

ಆ ಮಾತು ನನಗೆ ಚುಚ್ಚಿತು. ಯಾಕೆಂದ್ರೆ ಮೂವತ್ತು ವರ್ಷದ ಹಿಂದೆ ನಾನೂ ಅದನ್ನೇ ಹೇಳಿದ್ದೆ. ನನ್ನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಹೆಸರು ಕೊಡೋಕೆ ಹೋದಾಗ "ನಿಮ್ಮವರಿಗೆ ಸ್ಕಾಲರ್‌ಶಿಪ್ ಬರ್ತದಲ್ಲ, ಸಾಕು" ಅಂತ ನಗಾಡಿ ಕಳಿಸಿದ್ದರು. ಬಿಎ ಮುಗೀತು, ಗುಮಾಸ್ತನ ಕೆಲಸ ಸಿಕ್ತು. ಆದರೆ ಸರ್ಟಿಫಿಕೇಟ್ ಫೈಲಿನಲ್ಲಿ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ ಬಿಟ್ಟು ಮತ್ತೇನೂ ಇರಲಿಲ್ಲ.

ಅವಳಿಗೆ ಅವತ್ತು ಹೇಳಿದ ಚರಿತ್ರೆಯನ್ನೇ ಇಲ್ಲಿ ಬರೀತಿದ್ದೇನೆ.

ಶಿರಸಿಯಿಂದ ವಿದೇಶಕ್ಕೆ ಓದೋಕೆ ಹೋದವರು ಅಂದ್ರೆ ನಮಗೆ ಮೊದಲು ನೆನಪಾಗೋದು ಗಿರೀಶ ಕಾರ್ನಾಡರು. 1938ರಲ್ಲಿ ಮಾಥೇರಾನಿನಲ್ಲಿ ಹುಟ್ಟಿದರೂ ಅವರು ಬಾಲ್ಯ ಕಳೆದದ್ದು ಇಲ್ಲೇ. ತಂದೆ ಸರ್ಕಾರಿ ಡಾಕ್ಟರು. ಇಲ್ಲಿಗೆ ಬರುತ್ತಿದ್ದ ನಾಟಕ ಕಂಪನಿ, ಇಲ್ಲಿನ ಯಕ್ಷಗಾನ ನೋಡಿ ಬೆಳೆದವರು. ಆಮೇಲೆ ಧಾರವಾಡದ ಕರ್ನಾಟಕ ಕಾಲೇಜು, 1958ರಲ್ಲಿ ಪದವಿ, 1960ರಲ್ಲಿ ರೋಡ್ಸ್ ಸ್ಕಾಲರ್‌ಶಿಪ್ ಪಡೆದು ಆಕ್ಸ್‌ಫರ್ಡಿಗೆ. ಅಲ್ಲಿ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರೂ ಆದರು. 'ಯಯಾತಿ' ಪ್ರಕಟವಾದದ್ದು 1961ರಲ್ಲಿ.

ಕಾರ್ನಾಡರ ಪ್ರತಿಭೆ ಬಗ್ಗೆ ನನ್ನ ತಕರಾರಿಲ್ಲ. 'ತಲೆದಂಡ' ಬರೆದವರು, ಕೊನೆಗಾಲದಲ್ಲಿ ಮೂಗಿಗೆ ಆಕ್ಸಿಜನ್ ಪೈಪು ಹಾಕ್ಕೊಂಡೇ ಪ್ರತಿಭಟನೆಗೆ ಬಂದು ಕೂತವರು. ನನಗೆ ಅವರ ಮೇಲೆ ಗೌರವ ಇದೆ. ನಾನು ಹೇಳೋದು ಬೇರೆ. ಅದೇ ಯಕ್ಷಗಾನ ನೋಡೋಕೆ ನಮ್ಮ ಅಜ್ಜನೂ ಹೋಗ್ತಿದ್ದ. ಗದ್ದೆ ಅಂಚಿನಲ್ಲಿ ದೂರಕ್ಕೆ ಕಂಬಳಿ ಹಾಸಿ ಬೆಳಗಿನ ತನಕ ಕೂತಿರ್ತಿದ್ದ. ಪ್ರಸಂಗಕ್ಕೆ ಪ್ರಸಂಗವೇ ಅವನಿಗೆ ಬಾಯಿಪಾಠ. ಒಬ್ಬರು ನೋಡಿದ ಆಟ ಅವರನ್ನ ನಾಟಕಕಾರರನ್ನಾಗಿ ಮಾಡಿತು. ಇನ್ನೊಬ್ಬ ನೋಡಿದ ಆಟ ಅವನ ಜೊತೆಗೇ ಮಣ್ಣಾಯಿತು. ನಡುವೆ ಇದ್ದದ್ದು ಶಾಲೆ, ಪುಸ್ತಕ, ಮತ್ತೆ "ನೀನು ಬರಿ" ಅನ್ನೋ ಒಬ್ಬ ಮನುಷ್ಯ.

ಈ ರೋಡ್ಸ್ ಸ್ಕಾಲರ್‌ಶಿಪ್ಪಿನ ಕಥೆಯನ್ನೂ ಕೇಳಿ. ಸೆಸಿಲ್ ರೋಡ್ಸ್ ಅಂದ್ರೆ ಆಫ್ರಿಕಾದ ವಜ್ರದ ಗಣಿಗಳಲ್ಲಿ ದುಡ್ಡು ಮಾಡಿದ ಸಾಮ್ರಾಜ್ಯಶಾಹಿ. 1902ರಲ್ಲಿ ಸತ್ತ. ಬರೀ ಪುಸ್ತಕದ ಹುಳುಗಳು ಬೇಡ ಅಂತ ಉಯಿಲಿನಲ್ಲೇ ಬರೆದಿಟ್ಟಿದ್ದ. ಓದಿನ ಜೊತೆಗೆ ಕ್ರಿಕೆಟ್, ಫುಟ್‌ಬಾಲ್ ಥರದ ಗಂಡಸರ ಮೈದಾನದ ಆಟದಲ್ಲಿ ಯಶಸ್ಸು ಇರಬೇಕು, ನಾಯಕತ್ವದ ಗುಣ ಬೇಕು, ದುರ್ಬಲರನ್ನ ಕಾಪಾಡೋ ಮನಸ್ಸು ಬೇಕು ಅಂತ. ವಿದೇಶಿ ಓದಿಗೆ ಆಟ, ನಾಯಕತ್ವ, ನಡತೆ ಎಲ್ಲ ಅಳೆಯೋ ಪದ್ಧತಿಗೆ ಇದೊಂದು ಹಳೇ ಬೇರು. ಜನಾಂಗದ ಕಾರಣಕ್ಕೆ ಯಾರನ್ನೂ ತಳ್ಳಬಾರದು ಅಂತ ಉಯಿಲಿನಲ್ಲಿ ಇತ್ತು. ಆದರೂ 1907ರಲ್ಲಿ ಅಲೆನ್ ಲಾಕ್ ಅನ್ನೋ ಕಪ್ಪು ಅಮೆರಿಕನ್ ಆಯ್ಕೆಯಾದಾಗ ಆಕ್ಸ್‌ಫರ್ಡಿನ ಹಲವು ಕಾಲೇಜುಗಳು ಸೇರಿಸಿಕೊಳ್ಳಲಿಲ್ಲ. ಕೊನೆಗೆ ಹರ್ಟ್‌ಫರ್ಡ್ ಕಾಲೇಜಿನಲ್ಲಿ ಜಾಗ ಸಿಕ್ತು. ಹೆಣ್ಣುಮಕ್ಕಳಿಗೆ ರೋಡ್ಸ್ ಬಾಗಿಲು ತೆರೆದದ್ದಂತೂ 1977ರಲ್ಲಿ.

ಮೈದಾನದ ಆಟ ಅಂದ್ರಲ್ಲ, ಪಳವಣಕರ ಬಾಲೂ ಅವರನ್ನ ತಗೊಳ್ಳಿ. 1876ರಲ್ಲಿ ನಮ್ಮ ಧಾರವಾಡದಲ್ಲೇ ಹುಟ್ಟಿದ ಚಮ್ಮಾರ ಸಮುದಾಯದ ಮನುಷ್ಯ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ ಉರುಳಿಸೋ, ನೆಟ್ ಕಟ್ಟೋ ಕೆಲಸ, ತಿಂಗಳಿಗೆ ನಾಕು ರೂಪಾಯಿ ಸಂಬಳ. ಸಾಹೇಬರಿಗೆ ಗಂಟೆಗಟ್ಟಲೆ ಬೌಲಿಂಗ್ ಮಾಡಿ ಮಾಡಿ ದೊಡ್ಡ ಸ್ಪಿನ್ನರ್ ಆದರು. ಹಿಂದೂ ತಂಡಕ್ಕೆ ಬೌಲರ್ ಬೇಕಾಗಿತ್ತು, ಕರೆದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡು ಎಲ್ಲರೂ ಮುಟ್ಟುತ್ತಿದ್ದರು. ಚಹದ ಹೊತ್ತಿಗೆ ಅವರಿಗೆ ಮಾತ್ರ ಹೊರಗೆ, ಬಿಸಾಡೋ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ 114 ವಿಕೆಟ್ ತೆಗೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ದೊಡ್ಡ ಗಲಾಟೆ ನಡೆದ ಮೇಲೆ 1923ರಲ್ಲಿ ತಮ್ಮ ವಿಠ್ಠಲ ನಾಯಕರಾದರು. ಬಾಲೂ ಮುಂದೆ ಪೂನಾ ಒಪ್ಪಂದದಲ್ಲಿ ಗಾಂಧಿ ಕಡೆ ನಿಂತದ್ದು, 1937ರಲ್ಲಿ ಬಾಬಾಸಾಹೇಬರ ಎದುರು ಚುನಾವಣೆಗೆ ನಿಂತು ಸೋತದ್ದು ಬೇರೆ ಚರ್ಚೆ. ಇಲ್ಲಿ ನನ್ನ ಪ್ರಶ್ನೆ ಇಷ್ಟೇ: ಅರ್ಜಿಯಲ್ಲಿ "ನಾಯಕತ್ವ ವಹಿಸಿದ್ದೀರಾ?" ಅಂತ ಕಾಲಂ ಇದ್ದರೆ ಬಾಲೂ ಏನು ಬರೀಬೇಕಿತ್ತು? ಇಲ್ಲ ಅಂತಲೇ ಬರೀಬೇಕಿತ್ತು. ಯೋಗ್ಯತೆ ಇಲ್ಲದ್ದಕ್ಕಲ್ಲ, ಕೊಡದೇ ಇದ್ದದ್ದಕ್ಕೆ.

ಈಗ ಬಾಬಾಸಾಹೇಬರ ವಿಷಯಕ್ಕೆ ಬರ್ತೇನೆ. 1907ರಲ್ಲಿ ಮೆಟ್ರಿಕ್ ಪಾಸಾದಾಗ ಅವರ ಅಂಕ 750ಕ್ಕೆ 282. ಇವತ್ತಿನ ಕಟ್ ಆಫ್ ಲೆಕ್ಕದಲ್ಲಿ ಯಾರೂ ತಿರುಗಿ ನೋಡಲ್ಲ. ಪರೇಲಿನ ಚಾಳಿನಲ್ಲಿ ಒಂದೇ ಕೋಣೆ. ಬೇಗ ಮಲಗಿ ಮಧ್ಯರಾತ್ರಿ ಕಳೆದ ಮೇಲೆ ಎದ್ದು ಓದಬೇಕು, ಎಬ್ಬಿಸೋಕೆ ಅಪ್ಪ ಎಚ್ಚರ ಇರಬೇಕು. ಸಂಸ್ಕೃತ ಕಲೀತೀನಿ ಅಂದ್ರೆ ಬಿಡಲಿಲ್ಲ, ಪರ್ಷಿಯನ್ ತಗೊಂಡರು. ಶಾಲೆ ಬಿಟ್ಟ ಮೇಲೆ ಚರ್ನಿ ರೋಡಿನ ತೋಟದಲ್ಲಿ ಕೂತು ಓದ್ತಿದ್ದರು. ಅಲ್ಲಿಗೆ ಬರ್ತಿದ್ದ ಕೃಷ್ಣಾಜಿ ಅರ್ಜುನ ಕೆಳುಸ್ಕರ್ ಅನ್ನೋ ಮೇಷ್ಟ್ರು ಆ ಹುಡುಗನನ್ನ ಗಮನಿಸಿದರು. ಮೆಟ್ರಿಕ್ ಪಾಸಾದಾಗ ತಾವೇ ಬರೆದ ಬುದ್ಧನ ಜೀವನಚರಿತ್ರೆ ಕೊಟ್ಟರು. ಬರೋಡದ ಸಯಾಜಿರಾವ್ ಮಹಾರಾಜರ ಹತ್ತಿರ ಕರಕೊಂಡು ಹೋದರು. ತಿಂಗಳಿಗೆ 25 ರೂಪಾಯಿ ನೆರವು, 1912ರಲ್ಲಿ ಬಿಎ, 1913ರಲ್ಲಿ ಕೊಲಂಬಿಯಾ. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ವಾಪಸ್ ಬಂದು ಹತ್ತು ವರ್ಷ ಬರೋಡ ಸಂಸ್ಥಾನದ ಸೇವೆ ಮಾಡಬೇಕು ಅಂತ ಕರಾರು.

ಆ ತೋಟದ ಓದು ಯಾವ ಮಾರ್ಕ್ಸ್ ಕಾರ್ಡಿನಲ್ಲೂ ಇರಲಿಲ್ಲ. ಪಠ್ಯೇತರ ಸಾಧನೆ ಅಂದ್ರೆ ನನ್ನ ಪ್ರಕಾರ ಅದೇ. ಅದು ಸಾಧನೆ ಅಂತ ಗುರುತಿಸೋಕೆ ಒಬ್ಬ ಕೆಳುಸ್ಕರ್ ಬೇಕಾಯಿತು. ಕೊಲಂಬಿಯಾದಲ್ಲಿ ಆ ಕೆಲಸವನ್ನ ಪ್ರೊಫೆಸರ್ ಸೆಲಿಗ್‌ಮನ್ ಮಾಡಿದರು, ಲಂಡನ್ನಿನ ಪ್ರೊಫೆಸರ್ ಫಾಕ್ಸ್‌ವೆಲ್ಲರಿಗೆ ಶಿಫಾರಸು ಪತ್ರ ಬರೆದುಕೊಟ್ಟರು.

ಇನ್ನೊಂದು ಸಂಗತಿ ಓದಿದಾಗ ನನಗೇ ಆಶ್ಚರ್ಯ ಆಯಿತು. ಬಾಬಾಸಾಹೇಬರು ಕೊಲಂಬಿಯಾ ಬಿಟ್ಟದ್ದು 1916ರಲ್ಲಿ. 1919ರ ಸುಮಾರಿಗೆ ಅದೇ ಕೊಲಂಬಿಯಾದ ಕಾಲೇಜು ಅರ್ಜಿ ಫಾರಂ ಬದಲು ಮಾಡಿತು. ಫೋಟೋ ಅಂಟಿಸಿ, ಧರ್ಮ ಬರೀರಿ, ಅಪ್ಪ ಎಲ್ಲಿ ಹುಟ್ಟಿದ್ದು ಬರೀರಿ, ಪಾಠದ ಹೊರಗಿನ ಚಟುವಟಿಕೆ ಬರೀರಿ. ಯಾಕೆ? ಪರೀಕ್ಷೆ ಬರೆದು ಒಳಗೆ ಬರ್ತಿದ್ದ ಯಹೂದಿ ವಲಸಿಗರ ಮಕ್ಕಳು ಜಾಸ್ತಿ ಆಗಿದ್ದರು. ಹಾರ್ವರ್ಡಿನಲ್ಲೂ ಹೊತ್ತಿಗೆ ಐದರಲ್ಲೊಬ್ಬ ಯಹೂದಿ ವಿದ್ಯಾರ್ಥಿ. 1922ರಲ್ಲಿ ಅಲ್ಲಿನ ಅಧ್ಯಕ್ಷ ಲೋವೆಲ್ ನೇರವಾಗಿ ಮಿತಿ ಹಾಕೋಕೆ ಹೋದ, ಅಧ್ಯಾಪಕರು ಒಪ್ಪಲಿಲ್ಲ. ಆಮೇಲೆ 1926ರಲ್ಲಿ 'ನಡತೆ, ವ್ಯಕ್ತಿತ್ವ' ಅನ್ನೋ ಅಳತೆಗೋಲು ಗಟ್ಟಿಯಾಯಿತು. ಮಾರ್ಕ್ಸ್ ಸಮ ಬಂದುಬಿಟ್ಟರೆ ವ್ಯಕ್ತಿತ್ವದಲ್ಲಿ ಕಮ್ಮಿ ಹಾಕೋದು. ನಮ್ಮಲ್ಲಿ ವೈವಾದಲ್ಲಿ, ಇಂಟರ್‌ವ್ಯೂನಲ್ಲಿ ನಡೆಯೋದು ಇದೇ ಅಲ್ಲವಾ?

ಹಾಗಂತ ಈ ಕಾಲಮ್ಮೇ ಬೇಡ ಅಂತ ನಾನು ಹೇಳಲ್ಲ. ಬರೀ ಮಾರ್ಕ್ಸ್ ನೋಡಿದ್ದರೆ 282 ತೆಗೆದ ಹುಡುಗ ಅಲ್ಲಿಗೇ ನಿಲ್ತಿದ್ದ. ಇವತ್ತಿನ ಆ ಕಾಮನ್ ಅಪ್ಲಿಕೇಶನ್ನಿನಲ್ಲೇ ಚಟುವಟಿಕೆಯ ಪಟ್ಟಿ ಬಿಚ್ಚಿ ನೋಡಿದರೆ ಸಂಗೀತ, ಕ್ರೀಡೆಯ ಜೊತೆಗೆ ಕೂಲಿ ಕೆಲಸ, ಮನೆಯ ಜವಾಬ್ದಾರಿ ಅಂತಲೂ ಇದೆ. ನಮ್ಮ ಮಕ್ಕಳಿಗೆ ಅದನ್ನ ಯಾರೂ ತೋರಿಸಿಕೊಟ್ಟಿಲ್ಲ, ಅಷ್ಟೇ.

ನಾನು ಅವಳಿಗೆ ಕೇಳಿದೆ, "ಅಡಿಕೆ ಸೀಸನ್ನಿನಲ್ಲಿ ನೀ ಎಂತ ಮಾಡ್ತಿ?"

"ಅಮ್ಮನ ಜೊತೆ ಸುಲಿಯೋಕೆ ಹೋಗ್ತೆ. ಅದೆಲ್ಲ ಬರೆಯೋದಾ ಚಿಕ್ಕಪ್ಪ?"

ಹೌದು, ಅದೆಲ್ಲ ಬರೆಯೋದೇ. ನಮ್ಮ ಕಡೆ ಮೆಟ್ಟುಗತ್ತಿ ಮುಂದೆ ರಾತ್ರಿ ತನಕ ಕೂತು ಸುಲಿದ್ರೆ ಡಬ್ಬದ ಲೆಕ್ಕದಲ್ಲಿ ಕೂಲಿ. ಲೆಕ್ಕ ಬರೆಯೋರು ಅವರೇ, ಕೊಡೋರೂ ಅವರೇ. ನಮ್ಮ ಹೆಂಗಸರಿಗೆ ಪ್ರತಿ ಸಲ ಒಂದೆರಡು ಡಬ್ಬ ಕಮ್ಮಿ ಬರ್ತಿತ್ತು. ಇವಳು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ನೋಟ್‌ಬುಕ್ ಇಟ್ಟು ಹನ್ನೊಂದು ಹೆಂಗಸರ ಡಬ್ಬ ದಿನಾ ಬರೆಯೋಕೆ ಶುರು ಮಾಡಿದಳು. ಮೊದಲು ಬೈಸಿಕೊಂಡಳು. ಎರಡನೇ ವಾರದಿಂದ ಲೆಕ್ಕ ಸರಿಯಾಯಿತು. ಐದು ಸೀಸನ್ ಆ ಪುಸ್ತಕ ನಡೆದಿದೆ. ಇದಕ್ಕಿಂತ ದೊಡ್ಡ ನಾಯಕತ್ವ ಯಾವ ಶಾಲೆಯ ಕ್ಯಾಪ್ಟನ್ ಮಾಡಿದ್ದಾನೆ ಹೇಳಿ!

ನಾನು ಗುಮಾಸ್ತ. ಕಡತದ ಟಿಪ್ಪಣಿ ಬರೆಯೋದು ನನ್ನ ಹೊಟ್ಟೆಪಾಡು. 150 ಅಕ್ಷರದಲ್ಲಿ ಹೇಗೆ ಬರೀಬೇಕು ಅನ್ನೋದು ನಮಗೆ ಗೊತ್ತು. ವಿಶೇಷಣ ಬೇಡ. ಏನು ಮಾಡಿದೆ, ಎಷ್ಟು ಜನಕ್ಕೆ, ವಾರಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ, ಅದರಿಂದ ಏನು ಬದಲಾಯಿತು, ಅಷ್ಟು ಸಾಕು. ಇಲ್ಲದ್ದು ಒಂದಕ್ಷರ ಸೇರಿಸಬೇಡ, ಇದ್ದದ್ದು ಒಂದಕ್ಷರ ಮುಚ್ಚಬೇಡ. ದುಡ್ಡಿದ್ದವರು ಕನ್ಸಲ್ಟೆಂಟ್ ಇಟ್ಟು ಎರಡು ದಿನದ ಸಮಾಜಸೇವೆಯನ್ನ ಎರಡು ವರ್ಷ ಅಂತ ಬರೆಸ್ತಾರೆ. ನಮಗೆ ಅದು ಬೇಡ. ಲೆಕ್ಚರರ್ ಹತ್ತಿರ ಹೋಗಿ ನೋಟ್‌ಬುಕ್ ತೋರಿಸು, ಶಿಫಾರಸು ಪತ್ರದಲ್ಲಿ ಅವರೂ ಅದನ್ನ ಬರೀಲಿ ಅಂದೆ.

ಆಗ ಅವಳು ಕಷ್ಟದ ಪ್ರಶ್ನೆ ಕೇಳಿದಳು. "ಪ್ರಬಂಧದಲ್ಲಿ ಜಾತಿ ಬರೀಬೇಕಾ? ಓದಿದವರು ಅಯ್ಯೋ ಪಾಪ ಅಂದ್ರೆ?"

ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. 2019ರಲ್ಲಿ ಬ್ರಾಂಡೈಸ್, 2022ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಜಾತಿ ತಾರತಮ್ಯವನ್ನ ನಿಷೇಧದ ಪಟ್ಟಿಗೆ ಸೇರಿಸಿವೆ. ಅಂದ್ರೆ ಜಾತಿ ಅಲ್ಲಿಗೂ ವಿಮಾನ ಹತ್ತಿ ಹೋಗಿದೆ. ಇಲ್ಲಿ ನೋಡಿದ್ರೆ, 1954ರಿಂದ ನಡೀತಿರೋ ಕೇಂದ್ರದ ವಿದೇಶಿ ವಿದ್ಯಾರ್ಥಿವೇತನದಲ್ಲಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಅಧ್ಯಯನಗಳನ್ನ 2022ರಲ್ಲಿ ಕೈಬಿಟ್ಟರು. 1916ರಲ್ಲಿ ಕೊಲಂಬಿಯಾದಲ್ಲಿ ಕೂತು ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದವರ ಮಕ್ಕಳಿಗೆ ಈ ನಿಯಮ!

ಕೊನೆಗೆ ಹೇಳಿದೆ: ನೋವನ್ನ ಮಾರಾಟಕ್ಕೆ ಇಡಬೇಡ. ಆದರೆ ಡಬ್ಬದ ಲೆಕ್ಕ ಯಾಕೆ ತಪ್ಪುತ್ತಿತ್ತು ಅನ್ನೋದು ಜಾತಿ ಹೇಳದೇ ಅರ್ಥ ಆಗಲ್ಲ ಅಂದ್ರೆ ಹೇಳು. ಬರೆಯೋದು, ಬಿಡೋದು ನಿನ್ನ ತೀರ್ಮಾನ.

ಅವಳು ರಾತ್ರಿ ಹನ್ನೊಂದರ ತನಕ ಕೂತು ಐದು ಕಾಲಂ ತುಂಬಿದಳು. ಅಡಿಕೆ ಪುಸ್ತಕ, ಕೇರಿಯ ಎಂಟು ಮಕ್ಕಳಿಗೆ ಸಂಜೆ ಪಾಠ, ತಮ್ಮನನ್ನ ನೋಡಿಕೊಂಡದ್ದು, ಏಪ್ರಿಲ್ 14ರ ಭಾಷಣಗಳು, ಲೈಬ್ರರಿ ಓದು. ಉಳಿದ ಐದು ಖಾಲಿ ಬಿಟ್ಟಳು. ಸುಳ್ಳು ಬರೆಯೋದಕ್ಕಿಂತ ಖಾಲಿ ಇರೋದೇ ವಾಸಿ ಅಂದಳು. ಸೀಟು ಸಿಗ್ತದೋ ಇಲ್ಲವೋ ನೋಡಬೇಕು. ಸಿಗದಿದ್ರೆ ಪದವಿ ಇಲ್ಲೇ ಮಾಡಿ, ರಾಜ್ಯದ 'ಪ್ರಬುದ್ಧ' ಯೋಜನೆಯಲ್ಲಿ ಮತ್ತೆ ಪ್ರಯತ್ನ ಮಾಡ್ತಾಳೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮ್ಮ ಕೇರಿಗಳಲ್ಲಿ ಕೆಲಸದಲ್ಲಿರೋ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ನನ್ನದೊಂದೇ ವಿನಂತಿ. ನಿಮ್ಮ ಪಕ್ಕದ ಮನೆ ಮಗು "ನಾನು ಏನೂ ಮಾಡಿಲ್ಲ" ಅಂದ್ರೆ ನಂಬಬೇಡಿ. ಕೂರಿಸಿಕೊಂಡು ಕೇಳಿ, ಅದರ ಕೈಲಿ ಬರೆಸಿ. ನಮ್ಮಲ್ಲಿ ಮಹಾರಾಜರಿಲ್ಲ, ಆದರೆ ಒಬ್ಬೊಬ್ಬರೂ ಒಂದೊಂದು ಮಗುವಿಗೆ ಕೆಳುಸ್ಕರ್ ಆಗಬಹುದು.

ಜೈಭೀಮ್.